ಹಿಟ್ಟಿನ ಕೈ

ಗಾಯಕ್ಕೆ ಹಾಕುವ ಪಟ್ಟಿಯ ಒಂದು ಮೂಲೆ ಬಿಚ್ಚಿಕೊಳ್ಳುತ್ತಿದೆ, ಕ್ಯಾಮೆರಾದ ಕಣ್ಣಿನ ಮೇಲೆ ನಾನೇ ಅಂಟಿಸಿದ್ದು, ಹೆಬ್ಬೆರಳಿನಲ್ಲಿ ಒತ್ತಿದೆ, ಮತ್ತೆ ಎದ್ದಿತು, ಇರು ಮಾರಾಯ, ಎರಡು ನಿಮಿಷ ಅಂಟಿಕೊಂಡಿರು, ಆಮೇಲೆ ನಿನ್ನನ್ನು ನಾನೇ ಕೀಳುತ್ತೇನೆ — ಪರದೆಯ ಮೇಲೆ ಬಿಳಿ ಚಕ್ರ ಸುತ್ತುತ್ತಿದೆ, ನಿಮ್ಮನ್ನು ಕೋಣೆಗೆ ಕಳಿಸಲಾಗುತ್ತಿದೆ ಅನ್ನುತ್ತದೆ, ನನ್ನ ಚೌಕದ ಕೆಳಗೆ ಎಲ್ವಿನ್ ಪ್ಯಾರಿ, ಹ್ಯಾಮಿಲ್ಟನ್ ಅಂತ ಇರಬೇಕಿತ್ತು, ಇಲ್ಲ, ಮಾರ್ಲೀನ್, ಓಹಾಯೋ ಅಂತಿದೆ, ಕದ್ದ ಹೆಸರಲ್ಲ, ಅವಳೇ ಕೊಟ್ಟದ್ದು, ನಗುತ್ತ ಕೊಟ್ಟಳು, ಅಯ್ಯೋ ಎಲ್ವಿನ್, ನಿಮ್ಮ ಅಣ್ಣನಿಗೆ ಚೆನ್ನಾಗಿ ಚಮಕ್ ಕೊಡಿ ಅಂದಳು, ಪಾಪ, ಚಮಕ್ ಅಂದುಕೊಂಡಿದ್ದಾಳೆ. ಇಲ್ಲಿ ಬೆಳಿಗ್ಗೆ ಹತ್ತೂ ಐವತ್ತು, ವೇಲ್ಸಿನಲ್ಲಿ ನಾಲ್ಕಕ್ಕೆ ಹತ್ತು ನಿಮಿಷ, ಶನಿವಾರದ ಕ್ಲಾಸು ಮುಗಿಯುತ್ತ ಬಂದಾಗ ನಮ್ಮ ಟೀಚರು ನೆರಿಸ್ ಒಬ್ಬೊಬ್ಬರನ್ನೂ ಒಂದೊಂದು ಪುಟ್ಟ ಕೋಣೆಗೆ ತಳ್ಳುತ್ತಾಳೆ, ಅಲ್ಲಿ ಊರಿನವರೊಬ್ಬರು ಕಾದಿರುತ್ತಾರೆ, ಹುಟ್ಟಿನಿಂದ ವೆಲ್ಶ್ ಆಡಿದವರು, ಹತ್ತು ನಿಮಿಷ ನಮ್ಮ ಹೊರಳದ ನಾಲಿಗೆಯ ಜೊತೆ ಧರ್ಮಕ್ಕೆ ಮಾತಾಡುತ್ತಾರೆ. ಹೊರಳದ್ದು ಉಳಿದವರ ನಾಲಿಗೆ. ನನ್ನದಲ್ಲ. ಹದಿನಾಲ್ಕು ತಿಂಗಳಲ್ಲಿ ನಾನು ಕಲಿತಷ್ಟು ವೆಲ್ಶ್ ಭಾಷೆಯನ್ನು ಬೇರೆಯವರು ಹದಿನಾಲ್ಕು ಜನ್ಮದಲ್ಲೂ ಕಲಿತಿಲ್ಲ, ನೆರಿಸ್ ನನ್ನ ವಾಕ್ಯ ಕೇಳಿ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡಳು, ಮಂಜು ಅಂದಳು, ಕಣ್ಣೀರೇ ಅದು, ನನಗೆ ಗೊತ್ತು. ಇಷ್ಟಕ್ಕೂ ನಾನು ಯಾರು, ಮೂವತ್ತೆಂಟು ವರ್ಷ ಈ ಊರಿನ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸಿದವನು, ನಾನು ಸ್ಪ್ಯಾನರ್ ಕೆಳಗಿಟ್ಟಿದ್ದರೆ ಅರ್ಧ ಹ್ಯಾಮಿಲ್ಟನ್ ಇವತ್ತಿಗೂ ಏಳನೇ ಮಹಡಿಯಲ್ಲೇ ಸಿಕ್ಕಿಬಿದ್ದಿರುತ್ತಿತ್ತು.

ಚಕ್ರ ಸುತ್ತುತ್ತಲೇ ಇದೆ. ಹೋದ ವಾರದ ಹಿಂದಿನ ವಾರ ಈ ಮಾರ್ಲೀನ್, ನಿವೃತ್ತ ಹಲ್ಲಿನ ಡಾಕ್ಟರು, ಮುತ್ತಜ್ಜ ಯಾವುದೋ ಹಡಗಿನಲ್ಲಿ ವೇಲ್ಸಿನಿಂದ ಬಂದ ಎನ್ನುವುದು ಬಿಟ್ಟರೆ ವೆಲ್ಶ್‌ಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಅವಳು ಎಲ್ಲರ ಮುಂದೆ ಅಂದಳು, ಪ್ರತಿ ವಾರ ನನಗೆ ಸಿಕ್ಕೋ ಯಜಮಾನರಂಥವರು ಇನ್ನೊಬ್ರಿಲ್ಲ, ಬೆಥೆಸ್ಡಾದವರು, ತಪ್ಪು ಮಾಡಿದ್ರೆ ನಗಲ್ಲ, ಕಾಯ್ತಾರೆ, ಒಂದು ಪದಕ್ಕೋಸ್ಕರ ನಾನು ಎರಡು ನಿಮಿಷ ಒದ್ದಾಡಿದ್ರೂ ಸುಮ್ನೆ ಕೂತು ಕಾಯ್ತಾರೆ, ಹಿಂದುಗಡೆ ಗೋಡೆ ಮೇಲೆ ಕಲ್ಲಿನ ಬೀಸಣಿಗೆ ಬೇರೆ ಇದೆ, ಒಂದೇ ಸ್ಲೇಟಿನಲ್ಲಿ ಕೊರೆದದ್ದಂತೆ, ಒಂದು ಎಸಳು ಮುರಿದಿದೆ. ಒಂದು ಎಸಳು ಮುರಿದಿದೆ. ಮುರಿದವನು ನಾನು, ಚೆಂಡು ಹೊಡೆದು, ಎಂಟನೇ ವಯಸ್ಸಿನಲ್ಲಿ, ಕೊರೆದವನು ನನ್ನ ಅಪ್ಪ, ಬೆಥೆಸ್ಡಾದ ಸ್ಲೇಟು ಗಣಿ ಬಿಟ್ಟು ಉಕ್ಕಿನ ಕಾರ್ಖಾನೆ ಸೇರುವ ಮುಂಚೆ, ಕಾಯುತ್ತಾರಂತೆ, ಕಾಯುತ್ತಾನೆಯೇ ನನ್ನ ಅಣ್ಣ ಇಡ್ವಲ್, ಓಹಾಯೋದ ಹಲ್ಲುಕೀಳುವವಳಿಗಾಗಿ ಕಾಯುತ್ತಾನೆಯೇ — ಆ ಹೊತ್ತು ನನ್ನ ಮೈಗೇರಿದ ಸಿಟ್ಟಿಗೆ ಒಂಟಾರಿಯೋ ಸರೋವರದ ಹಿಮವೆಲ್ಲ ಕರಗಿ ದಡದ ಬಾತುಕೋಳಿಗಳು ಬೆಂದುಹೋಗಬೇಕಿತ್ತು. ಯಾಕೆಂದರೆ ಪ್ರತಿ ಭಾನುವಾರ ನಾನು ಅವನಿಗೆ ಕರೆ ಮಾಡುತ್ತೇನೆ, ವೆಲ್ಶ್‌ನಲ್ಲಿ ಶುರು ಮಾಡುತ್ತೇನೆ, ಹೇಗಿದ್ದೀ ಇಡ್ವಲ್, ಊಟಕ್ಕೆ ಏನು ಮಾಡಿದೆ, ಮೊಣಕಾಲು ಹೇಗಿದೆ, ಅವನು ಇಂಗ್ಲಿಷಿನಲ್ಲಿ, ಮಳೆ ಕಣೋ, ಅಲ್ಲಿ ಹಿಮ ಬಿತ್ತಾ? ನಾನು ವೆಲ್ಶ್‌ನಲ್ಲಿ, ಹಿಮ ಬಿತ್ತು, ಮೊಣಕಾಲಿನ ವಿಷಯ ಹೇಳು. ಅವನು ಇಂಗ್ಲಿಷಿನಲ್ಲಿ, ಪರವಾಗಿಲ್ಲ, ನಡೀತಿದೆ. ಹದಿನಾಲ್ಕು ತಿಂಗಳ ಭಾನುವಾರ. ಒಮ್ಮೆ ತಡೆಯಲಾರದೆ ಕೇಳಿದೆ, ಯಾಕೋ, ನನ್ನದು ಅಷ್ಟು ಕೆಟ್ಟದಾಗಿದೆಯೇನೋ? ಇಲ್ಲ ಕಣೋ, ಚೆನ್ನಾಗೇ ಆಡ್ತೀಯ, ಆದ್ರೆ ನಾವಿಬ್ರೂ ಇಂಗ್ಲಿಷಲ್ಲೇ ಬೆಳೆದವರಲ್ವಾ, ಈಗ ಬದಲಾಯಿಸಿದ್ರೆ ಬೇರೆ ಯಾರ ಜೊತೆಗೋ ಮಾತಾಡಿದ ಹಾಗಾಗುತ್ತೆ, ನೀನು ನೀನಾಗಿರಲ್ಲ. ನಾನು ನಾನಾಗಿರುವುದಿಲ್ಲವಂತೆ! ಮತ್ತೆ ಈ ಜನವೇ ಹಾಗೆ, ಹೋದ ಮೇ ತಿಂಗಳು ಬೆಥೆಸ್ಡಾಕ್ಕೆ ಹೋದಾಗ ಬ್ರೆಡ್ ಅಂಗಡಿಯ ಹುಡುಗಿಗೆ ಅಷ್ಟುದ್ದದ ವೆಲ್ಶ್ ವಾಕ್ಯ ಹೇಳಿದೆ, ಕಡೆಯ ಪದದಲ್ಲಿ ಒಂದು ಉಸಿರಿನಷ್ಟು ತಡವರಿಸಿದೆ ಅಷ್ಟೆ, ತಕ್ಷಣ ನಕ್ಕು ಇಂಗ್ಲಿಷಿಗೆ ಹೊರಳಿದಳು, ಬ್ಯಾಗ್ ಬೇಕಾ ಅಂದಳು, ಬಸ್ಸಿನವನು ಹಾಗೆ, ಚಾಪೆಲಿನ ಹಿರಿಯ ಹಾಗೆ, ಬಂದವನಿಗೆ ಕಷ್ಟವಾಗಬಾರದು ಎನ್ನುವ ಸೌಜನ್ಯವಂತೆ, ಇಷ್ಟು ಮರ್ಯಾದೆಯಿಂದ ಮುಖದ ಮೇಲೆ ಬಾಗಿಲು ಹಾಕುವ ಜನ ಈ ಭೂಗೋಳದಲ್ಲಿ ಇನ್ನೆಲ್ಲೂ ಇಲ್ಲ, ಮತ್ತು ನಾನು ಬಂದವನಲ್ಲ, ನಾನು ಅಲ್ಲೇ ಹುಟ್ಟಿದವನು, ಆ ಅಂಗಡಿಯಿಂದ ಮೂರನೇ ಮನೆಯಲ್ಲಿ.

ಪಟ್ಟಿ ಮತ್ತೆ ಎದ್ದಿತು, ಒತ್ತಿದೆ. ನಾನು ಹುಟ್ಟಿ ಎರಡು ವರ್ಷಕ್ಕೆ ನಮ್ಮನ್ನೆಲ್ಲ ಕಟ್ಟಿಕೊಂಡು ಅಪ್ಪ ವೇಲ್ಸಿನ ಪೂರ್ವ ಗಡಿಯ ಶಾಟನ್ನಿಗೆ ಬಂದ, ಇಡ್ವಲ್ ಬೆಥೆಸ್ಡಾಕ್ಕೆ ಮರಳಿದ್ದು ಎಷ್ಟೋ ವರ್ಷದ ಮೇಲೆ, ಶಾಟನ್ನಿನಲ್ಲಿ ಉಕ್ಕಿನ ಕಾರ್ಖಾನೆ, ಬೀದಿಯೆಲ್ಲ ಇಂಗ್ಲಿಷು, ಮನೆಯೊಳಗೆ ಮಾತ್ರ ವೆಲ್ಶ್, ಮೂರು ತುಂಬುವಾಗ ನನಗೆ ಉಗ್ಗು ಹತ್ತಿತು, ಸಣ್ಣಪುಟ್ಟ ಉಗ್ಗಲ್ಲ, ಹಾಲು ಕೇಳಲು ಶುರು ಮಾಡಿದರೆ ಕೇಳಿ ಮುಗಿಯುವಷ್ಟರಲ್ಲಿ ಹಾಲು ಮೊಸರಾಗುತ್ತಿತ್ತು, ಮಕ್ಕಳನ್ನು ನೋಡಲು ಮನೆಮನೆಗೆ ಬರುತ್ತಿದ್ದ ನರ್ಸಮ್ಮ, ಮುಖ ನೆನಪಿಲ್ಲ, ಕಂದು ಚೀಲ ನೆನಪಿದೆ, ಮಾಮ್‌ಗೆ, ಅಂದರೆ ಅಮ್ಮನಿಗೆ, ಹೇಳಿ ಹೋದಳು, ಎರಡೆರಡು ಭಾಷೆ ಮಗು ತಲೆಗೆ ತುಂಬಬೇಡಿ ಮಿಸೆಸ್ ಪ್ಯಾರಿ, ನಾಲಿಗೆ ದಾರಿ ತಪ್ಪುತ್ತೆ, ಒಂದನ್ನ ಬಿಡಿ. ಒಂದನ್ನು ಬಿಟ್ಟರು. ಯಾವುದನ್ನು ಅಂತ ಯಾರೂ ಕೇಳಲಿಲ್ಲ. ಬಿಟ್ಟರು ಎಂದರೆ ನನಗೆ ಮಾತ್ರ ಬಿಟ್ಟರು, ತಮ್ಮೊಳಗೆ ಇಟ್ಟುಕೊಂಡರು, ನಾನು ಕೋಣೆಗೆ ಬಂದರೆ ಇಡೀ ಮನೆ ರೇಡಿಯೋ ಕಿವಿ ತಿರುಗಿಸಿದ ಹಾಗೆ ಇಂಗ್ಲಿಷಾಗುತ್ತಿತ್ತು, ಹೋದರೆ ಬೆನ್ನ ಹಿಂದೆ ಮತ್ತೆ ಅದು, ಬೆಚ್ಚಗೆ, ಗೋಡೆಯಾಚೆಯ ಒಲೆಯ ಹಾಗೆ. ಉಗ್ಗು ಹನ್ನೆರಡಕ್ಕೆ ತಾನಾಗಿ ಹೋಯಿತು, ಅದು ಹೋದ ದಿನದಿಂದ ನಾನು ಬಾಯಿ ಮುಚ್ಚಿಲ್ಲ, ಕೇಳಿ ನೋಡಿ ಯಾರನ್ನು ಬೇಕಾದರೂ, ಭಾಷೆ ಮಾತ್ರ ಯಾರೂ ವಾಪಸು ಕೊಡಲಿಲ್ಲ. ಅದಲ್ಲ. ಅದಲ್ಲ ಹೇಳಬೇಕಾದ್ದು. ಆರು ವರ್ಷ ನನಗೆ, ಮಳೆಗಾಲದ ಕೋಟು ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದೆ, ಮಾಮ್ ಕಾವಲಿಯ ಮೇಲೆ ಒಣದ್ರಾಕ್ಷಿಯ ಬಿಲ್ಲೆ ಕೇಕು ಬೇಯಿಸುತ್ತಿದ್ದಳು, ಇಡ್ವಲ್ ಮೇಜಿನ ಹತ್ತಿರ ಕೆಂಪು ಮುಖ ಮಾಡಿಕೊಂಡು, ಹನ್ನೆರಡರ ಹುಡುಗ, ಅವಳೊಡನೆ ಜಗಳಕ್ಕೆ ನಿಂತವನ ಹಾಗೆ, ವೆಲ್ಶ್‌ನಲ್ಲಿ ಏನೋ ಕೂಗುತ್ತಿದ್ದ, ಅದರಲ್ಲಿ ನನ್ನ ಹೆಸರಿತ್ತು, ಮಾಮ್ ನನ್ನನ್ನು ನೋಡಿದಳು, ಅವಳ ಕೈ ಹಾರಿತು, ಹಿಟ್ಟು ಮೆತ್ತಿದ ಕೈ, ಇಡ್ವಲ್‌ನ ಬಾಯಿಯ ಮೇಲೆ ಟಪ್ ಅಂತ ಕೂತಿತು, ಮಾತು ಅರ್ಧಕ್ಕೆ ನಿಂತಿತು. ಕೈ ತೆಗೆದಾಗ ಅವನ ಬಾಯಿ ಇದ್ದ ಕಡೆ ಬರೀ ಬಿಳುಪು, ಐದು ಬೆರಳು. ಬಾ ಪುಟ್ಟಾ, ಕೋಟು ತೆಗಿ, ಅಂದಳು ಮಾಮ್ ಇಂಗ್ಲಿಷಿನಲ್ಲಿ. ಅವತ್ತು ಅವನ ಹತ್ತಿರ ಮಾತು ತೆಗೆದುಕೊಂಡಳು, ಇನ್ಮೇಲೆ ಎಲ್ವಿನ್ ಮುಂದೆ ಒಂದು ವೆಲ್ಶ್ ಪದ ಬರಬಾರದು ಅಂತ, ಇದು ನನಗೆ ಗೊತ್ತಾದದ್ದು ಅವಳನ್ನು ಮಣ್ಣು ಮಾಡಿ ಬಂದ ಸಂಜೆ, ಇಡ್ವಲ್ ಎರಡು ಗ್ಲಾಸು ಕುಡಿದು ಬಾಯಿಬಿಟ್ಟದ್ದು, ಅವಳು ಹೋಗಿ ಹತ್ತೊಂಬತ್ತು ವರ್ಷ, ಆ ಮಾತು ಮಾತ್ರ ಕಲ್ಲಿನ ಹಾಗೆ ನಿಂತಿದೆ. ಅರ್ಧ ನಿಂತ ವಾಕ್ಯದ ಸದ್ದನ್ನು ನಾನು ಐವತ್ತೆಂಟು ವರ್ಷ ಹಾಗೇ ಇಟ್ಟುಕೊಂಡಿದ್ದೆ, ಅರ್ಥ ಗೊತ್ತಿಲ್ಲದೆ, ಕಿಸೆಯಲ್ಲಿ ಬೆಣಚುಕಲ್ಲಿಟ್ಟುಕೊಂಡವನ ಹಾಗೆ, ಲಿಫ್ಟಿನ ಬಾವಿಯೊಳಗೆ ಹಗ್ಗಕ್ಕೆ ನೇತಾಡುತ್ತ ಅದನ್ನು ಹೇಳಿಕೊಳ್ಳುತ್ತಿದ್ದೆ, ಕತ್ತಲು ನನಗೇ ತಿರುಗಿ ಹೇಳುತ್ತಿತ್ತು. ಹೋದ ನವೆಂಬರಿನಲ್ಲಿ ನೆರಿಸ್‌ಳ ಯಾವುದೋ ಪಾಠದ ನಡುವೆ, ಚಹಾ ಕುಡಿಯುತ್ತಿದ್ದೆ, ಅರ್ಥ ಬಂತು. ಎಲ್ವಿನ್‌ಗೆ ಯಾಕೆ ಕೂಡದು — ಅಷ್ಟೆ. ಎಲ್ವಿನ್‌ಗೆ ಯಾಕೆ ಕೂಡದು, ಆಮೇಲೆ ಕೈ. ಏನು ಕೂಡದು? ಆ ಬಾಕಿ ಅರ್ಧ ನನಗೆ ಬೇಕು, ಅವನ ಬಾಯಿಂದಲೇ ಬೇಕು, ಆ ಭಾಷೆಯಲ್ಲೇ ಬೇಕು, ಇಂಗ್ಲಿಷಿನಲ್ಲಿ ಹೇಳಿದರೆ ಈ ಕಂಪ್ಯೂಟರನ್ನು ಎತ್ತಿ ಸರೋವರದಾಚೆ ಅಮೆರಿಕಕ್ಕೆ ಎಸೆಯುತ್ತೇನೆ.

ಚಕ್ರ ನಿಂತಿತು. ಕೋಣೆ ತೆರೆಯಿತು, ಮುರಿದ ಎಸಳಿನ ಬೀಸಣಿಗೆ, ಅದರ ಕೆಳಗೆ ಅವನ ಬೋಳುತಲೆ, ಮೂಲೆಯಲ್ಲಿ ಹತ್ತು ನಿಮಿಷದ ಗಡಿಯಾರ ಹಿಂದಕ್ಕೆ ಓಡುತ್ತಿದೆ, ಅವನಿಗೆ ಕಾಣುವುದು ಕಪ್ಪು ಚೌಕ ಮತ್ತು ಒಂದು ಹೆಸರು, ಅವನು ನಕ್ಕ, ಮಾತಾಡಿದ, ವೆಲ್ಶ್‌ನಲ್ಲಿ, ಬಾರಮ್ಮಾ ಮಾರ್ಲೀನ್, ಬಾ ಬಾ, ಕೂತ್ಕೋ, ಚಹಾ ತಂದ್ಕೊಂಡ್ಯಾ, ಇವತ್ತು ಕ್ಯಾಮೆರಾ ಕೈಕೊಟ್ಟಿತೇನೋ, ಹೋಗ್ಲಿ ಬಿಡು, ಮುಖ ಯಾಕೆ, ಮಾತಿದ್ರೆ ಸಾಕು, ನಿಧಾನಕ್ಕೆ ಹೇಳು, ನಂಗೇನು ಆತುರ, ಈ ಮುದುಕನಿಗೆ ಬೇರೆ ಏನು ಕೆಲಸ. ಈ ದನಿ! ಈ ದನಿ ನನಗೆ ಗೊತ್ತೇ ಇಲ್ಲ, ಇಂಗ್ಲಿಷಿನಲ್ಲಿ ಅವನು ಬಾಗಿಲ ಸಂದಿಯಿಂದ ಮಾತಾಡುವವನು, ಇಲ್ಲಿ ನೋಡಿದರೆ ಅಪ್ಪನ ನಗು, ಮಾಮ್ ಎಳೆಯುವ ಹಾಗೆ ಎಳೆಯುವ ಕೊನೆಯಕ್ಷರ, ಇಡೀ ಅಡುಗೆಮನೆ ಅವನ ಗಂಟಲಿನಲ್ಲಿ ಇದೆ, ಒಲೆ ಸಮೇತ, ಅದನ್ನೆಲ್ಲ ಎತ್ತಿ ಓಹಾಯೋಗೆ ಕೊಡುತ್ತಿದ್ದಾನೆ, ಇನ್ನೂ ಮಾತಾಡಲಿ ಅನ್ನಿಸಿತು, ಒಂದು ನಿಮಿಷ ಮಾರ್ಲೀನಾಗಿಯೇ ಇದ್ದುಬಿಡೋಣ ಅನ್ನಿಸಿತು, ಥೂ, ಆ ಆಸೆಗೇ ಸಿಟ್ಟು ನೆತ್ತಿಗೇರಿ ಪಟ್ಟಿ ಕಿತ್ತೆ. ನನ್ನ ಮುಖ ಅವನ ಪರದೆಯಲ್ಲಿ. ಅವನ ನಗು ಹಾಗೇ ನಿಂತಿತು, ಒಳಗಿನಿಂದ ಯಾರೋ ದೀಪ ಆರಿಸಿದ ಹಾಗೆ. ಎಲ್ವಿನ್, ಇದೇನೋ ಇದು, ಅಂದ ಇಂಗ್ಲಿಷಿನಲ್ಲಿ, ನೋಡಿದಿರಾ, ಅರೆಗಳಿಗೆಯಲ್ಲಿ, ರೇಡಿಯೋ ಕಿವಿ ತಿರುಗಿಸಿದ ಹಾಗೆ. ಇಲ್ಲಿ ಇಂಗ್ಲಿಷ್ ಇಲ್ಲ, ಅಂದೆ ವೆಲ್ಶ್‌ನಲ್ಲಿ, ಕ್ಲಾಸಿನ ನಿಯಮ. ತಮಾಷೆ ಸಾಕು ಕಣೋ, ಪಾಪ ಆ ಹೆಂಗಸು ಎಲ್ಲಿ? ಆ ಹೆಂಗಸಿಗೆ ಎರಡು ನಿಮಿಷ ಕಾಯ್ತೀಯಂತೆ, ಅಂದೆ, ಒಂದು ಪದಕ್ಕೆ, ನನಗೂ ಕಾಯೋ ಇವತ್ತು, ಮತ್ತೆ ಐವತ್ತೆಂಟು ವರ್ಷ ನಾಲಿಗೆಯಲ್ಲಿ ಉರುಳಿಸಿದ್ದನ್ನು ತೆಗೆದು ಅವನ ಮುಂದೆ ಇಟ್ಟೆ, ಎಲ್ವಿನ್‌ಗೆ ಯಾಕೆ ಕೂ, ಕೂ, ಕೂ — ಬಂತು, ಹನ್ನೆರಡಕ್ಕೆ ಬಿಟ್ಟುಹೋದದ್ದು ಈಗ ಬಂತು, ಇಡೀ ಹ್ಯಾಮಿಲ್ಟನ್ನಿನ ಬಾಯಿ ಮುಚ್ಚಿಸಬಲ್ಲ ನಾನು ಒಂದು ಅಕ್ಷರದಲ್ಲಿ ಲಿಫ್ಟಿನ ಹಾಗೆ ಎರಡು ಮಹಡಿಯ ನಡುವೆ ಸಿಕ್ಕಿಕೊಂಡೆ, ಕೂಡದು. ಅಂದೆ. ಎಲ್ವಿನ್‌ಗೆ ಯಾಕೆ ಕೂಡದು, ಆಮೇಲೆ ಏನು ಹೇಳ್ತಿದ್ದೆ, ಇಡ್ವಲ್? ಅವನು ಕಾದ. ನಾನು ಉಗ್ಗಿದ ಅಷ್ಟು ಹೊತ್ತೂ ಕಾದ, ಇಂಗ್ಲಿಷಿನಲ್ಲಿ ಕೈ ನೀಡಲಿಲ್ಲ, ಅವನ ಕಣ್ಣು ತೇವವಾಯಿತು, ಮಂಜಲ್ಲ, ಮಂಜಲ್ಲ ಅದು. ಏಳು ನಿಮಿಷ ಉಳಿದಿದೆ. ಹೇಳೋ. ಅವನ ಮುಖ ಕೆಂಪೇರುತ್ತಿದೆ, ಮೇಜಿನ ಹತ್ತಿರ ನಿಂತವನ ಕೆಂಪು, ಹನ್ನೆರಡರ ಹುಡುಗ, ಅವಳೆದುರು ನಿಂತು ಕೂಗಿದ್ದ, ನನ್ನ ಸಲುವಾಗಿ ಕೂಗಿದ್ದ, ನನ್ನೊಬ್ಬನ ಬಾಯಿ ಮಾತ್ರ ಮುಚ್ಚಿತು ಅಂದುಕೊಂಡು ಇಷ್ಟು ವರ್ಷ — ಬಾಯಿ ತೆರೆಯಿತು, ಮೊದಲ ಉಸಿರು ಕೇಳಿಸಿತು, ಇಂಗ್ಲಿಷಿನ ಉಸಿರಲ್ಲ ಅದು, ಆಣೆ ಮಾಡುತ್ತೇನೆ, ಆಗ ಕೈ ಎದ್ದಿತು. ಅವನದೇ ಕೈ. ಯಾರೋ ಎತ್ತಿಸಿದ ಹಾಗೆ ಎದ್ದು ಬಾಯಿಯ ಮೇಲೆ ಕೂತಿತು, ಬೆರಳ ಸಂದಿಯಲ್ಲಿ ತುಟಿ ಅಲುಗುತ್ತಿದೆ, ಆರು ನಿಮಿಷ, ತೆಗಿ ಇಡ್ವಲ್, ಅವಳಿಲ್ಲ ಅಲ್ಲಿ, ನಾನು ಕೋಟು ಕೂಡ ತೆಗೆದಿದ್ದೇನೆ, ತೆಗಿ, ಕೈ ಅಲ್ಲೇ ಇದೆ, ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿದೆ, ಬಿಳಿ, ಐದು ಬೆರಳು, ಹಿಟ್ಟು