ಸಂಸ್ಥಾಪಕರ ಹೆಂಡತಿಯ ಸಮಾಧಿ

ವೈದ್ಯಕೀಯ ಕಾಲೇಜಿನ ಶವಚ್ಛೇದನ ಕೊಠಡಿಯ ಹಿಂದೆ ಒಂದು ಹಳೆಯ ಸಮಾಧಿಕಲ್ಲಿತ್ತು. ಕಾಲೇಜು ಕಟ್ಟಿಸಿದ ಡಾಕ್ಟರ ಹೆಂಡತಿ ಹರೆಯದಲ್ಲೇ ತೀರಿಕೊಂಡಳಂತೆ, ಅಗಲಿರಲಾರದೆ ಗಂಡ ಅವಳನ್ನು ಅಲ್ಲೇ ಹೂಳಿಸಿದನಂತೆ. ವಿದ್ಯಾರ್ಥಿಗಳು ಅದರ ಮುಂದೆ ಹೂವಿಡುತ್ತಿದ್ದರು. ಅಂಗರಚನಾಶಾಸ್ತ್ರ ಕಲಿಸುವ ಮೇಡಂಗೆ ಮಾತ್ರ ಒಂದು ಅನುಮಾನ ಕಾಡುತ್ತಿತ್ತು. ಕಲ್ಲಿನ ಮೇಲೆ ಹೆಸರಿತ್ತು, ಪ್ರೀತಿಯ ಮಾತಿತ್ತು. ಸತ್ತದ್ದು ಯಾವಾಗ ಎಂಬುದೇ ಇರಲಿಲ್ಲ.

ಒಂದು ಬೆಳಿಗ್ಗೆ ಕಲ್ಲಿನ ಪಕ್ಕದಲ್ಲೇ ಚರಂಡಿ ಪೈಪು ಒಡೆಯಿತು. ಅಗೆಯುತ್ತಿದ್ದವರು ಗುದ್ದಲಿ ಬಿಸಾಕಿ ದೂರ ಸರಿದರು. ಮೇಡಂ ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿ ನೋಡಿದರು. ಕೊಳಚೆ ನೀರಿನಲ್ಲಿ ತಲೆಬುರುಡೆಗಳ ರಾಶಿ. ಒಂದೊಂದರ ನೆತ್ತಿಯನ್ನೂ ಮುಚ್ಚಳ ತೆಗೆದಂತೆ ಗರಗಸದಲ್ಲಿ ಕೊಯ್ದಿದ್ದರು. ಪಕ್ಕೆಲುಬುಗಳ ನಡುವೆ ಒಡೆದ ಬಾಟಲಿ, ಹರಿದ ಕೈಗವಸು, ಹಾಸ್ಟೆಲಿನ ಎಂಜಲು ಬಟ್ಟಲು. ಒಂದು ಪುಟ್ಟ ದವಡೆಯಲ್ಲಿ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ.

ಪ್ರಿನ್ಸಿಪಾಲರು ಬಂದರು. ಅವರು ಸಂಸ್ಥಾಪಕರ ಮೊಮ್ಮಗ.

"ಸರ್, ಇಲ್ಲಿ ನಿಮ್ಮ ಅಜ್ಜಿ..."

"ಅಜ್ಜಿ ಯಾಕಮ್ಮ ಇಲ್ಲಿರ್ತಾರೆ? ಕಲ್ಲು ನಿಲ್ಲಿಸಿದಾಗ ಅವರು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ರು!" ಎಂದು ಪ್ರಿನ್ಸಿಪಾಲರು ನಕ್ಕರು. "ಕೊಯ್ದು ಮುಗಿಸಿದ ಹೆಣಗಳನ್ನ ತಾತ ಇಲ್ಲಿ ಹಾಕಿಸ್ತಿದ್ರು. ದಿಕ್ಕುದೆಸೆ ಇಲ್ಲದ ಜನ, ಯಾರು ಕೇಳ್ತಾರೆ? ನಾಯಿಗಳು ಕೈಕಾಲು ಎಳ್ಕೊಂಡು ಬೀದಿಗೆ ಬಂದಾಗ ಗುಸುಗುಸು ಶುರುವಾಯ್ತು. ಮಣ್ಣು ಮುಚ್ಚಿ, ಅಜ್ಜೀನ ದೂರದ ಹಳ್ಳಿ ಮನೇಲಿ ಬಿಟ್ಟು, ಅವರ ಹೆಸರಲ್ಲೇ ಕಲ್ಲು ನಿಲ್ಲಿಸಿದ್ರು. ಆಮೇಲೆ ಒಬ್ಬರೂ ಅಗೀಲಿಲ್ಲ. ತಲೆ ಅಂದ್ರೆ ತಾತಂದು!"

"ನಿಮಗೆ ಮೊದಲೇ ಗೊತ್ತಿತ್ತಾ?"

"ಮನೇಲಿ ಎಲ್ಲರಿಗೂ ಗೊತ್ತು. ಹಳ್ಳಿಗೆ ಹೋಗಿ ಊಟಕ್ಕೆ ಕೂತಾಗ ಹೇಳ್ಕೊಂಡು ನಗ್ತಿದ್ವಿ. ಅಜ್ಜಿ ಮಾತ್ರ ತಟ್ಟೆ ಬಿಟ್ಟು ಎದ್ದು ಹೋಗೋರು. ಸರಿ, ಮೂಟೆ ಕಟ್ಟಿಸಿ. ಆಸ್ಪತ್ರೆ ಕಸದ ಜೊತೆ ಸುಟ್ಟುಬಿಡೋಣ."

ಹೆಣಗಳ ನಡುವೆಯೇ ವರ್ಷಗಟ್ಟಲೆ ಕೆಲಸ ಮಾಡಿದ ಮೇಡಂಗೆ ಆ ವಾಸನೆ ಹೊಸದಲ್ಲ. ಆ ನಗೆಯನ್ನು ಮಾತ್ರ ಸಹಿಸಲಾಗಲಿಲ್ಲ. ಅವರು ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದರು.

"ತಲೆ ಕೆಟ್ಟಿದೆಯಾ ನಿಮಗೆ? ಕಾಲೇಜಿನ ಮಾನ ಹೋಗುತ್ತೆ!"

"ಹೋಗೋಕೆ ಇನ್ನೂ ಏನು ಉಳಿದಿದೆ ಸರ್?"

ಪೊಲೀಸರು ಪರೀಕ್ಷೆ ಮುಗಿಸಿದ ಮೇಲೆ ಮೇಡಂ ಮತ್ತು ವಿದ್ಯಾರ್ಥಿಗಳು ಮೂಳೆಗಳನ್ನು ಒಂದೊಂದಾಗಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಊರಾಚೆಯ ಸ್ಮಶಾನಕ್ಕೆ ಒಯ್ದರು. ತಪ್ಪು ಮಾಡಿದವರು ಸತ್ತು ಹೋಗಿದ್ದಾರೆಂದು ತನಿಖೆ ಅಲ್ಲಿಗೇ ನಿಂತಿತ್ತು.

ಗುಂಡಿ ಮುಚ್ಚುವ ಹೊತ್ತಿಗೆ ಪ್ರಿನ್ಸಿಪಾಲರು ಕರಿ ಕೋಟು ತೊಟ್ಟು, ಹೂವಿನ ಚಕ್ರ ಹಿಡಿದು, ಫೋಟೋಗ್ರಾಫರನ ಜೊತೆ ಹಾಜರಾದರು. ಗಂಟಲು ಗದ್ಗದ ಮಾಡಿಕೊಂಡು, "ವಿಜ್ಞಾನಕ್ಕೆ ದೇಹದಾನ ಮಾಡಿದ ಮಹಾತ್ಮರು ಇವರು," ಎಂದರು.

"ದಾನನಾ? ಇವರನ್ನ ಕೇಳಿದ್ದು ಯಾರು?" ಎಂದು ಮೇಡಂ ಎಲ್ಲರೆದುರೇ ಕೇಳಿದರು.

ಪ್ರಿನ್ಸಿಪಾಲರು ಕೇಳಿಸದವರಂತೆ ಮಾತು ಮುಗಿಸಿದರು. ಜನ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಪ್ರಿನ್ಸಿಪಾಲರು ಮೇಡಂ ಪಕ್ಕಕ್ಕೆ ಬಂದು, ಭುಜದ ಮೇಲೆ ಕೈಯಿಟ್ಟು, ಕ್ಯಾಮೆರಾದ ಕಡೆ ಮುಖ ತಿರುಗಿಸಿದರು.

ಮೇಡಂ ಆ ಕೈ ಕೊಡವಿ ಕಾಂಪೌಂಡಿನವರೆಗೆ ಓಡಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡರು.

"ಅದನ್ನ ತೆಗೀಬೇಡ," ಎಂದರು ಪ್ರಿನ್ಸಿಪಾಲರು ಫೋಟೋಗ್ರಾಫರನಿಗೆ.