ಐವಿನ್‌ನ ರಕ್ತಕ್ಕೆ ಎರಡು ಲೆಕ್ಕ

ಐವಿನ್‌ನನ್ನು ಫೆರ್ರಿ ನಡೆಸುವ ಕೆಲಸದಿಂದ ಇಳಿಸಿದ್ದಾರೆ ಅನ್ನುವ ಸುದ್ದಿ ಥೋರಾಳ ಕಿವಿಗೆ ಬಿದ್ದದ್ದು ಆ ಫೆರ್ರಿಯ ಮೇಲೆಯೇ. ಅವಳ ಮನೆ ದ್ವೀಪದಲ್ಲಿ, ಕೆಲಸ ಆಚೆ ದಡದ ಪಟ್ಟಣದ ಆಸ್ಪತ್ರೆಯಲ್ಲಿ. ವರ್ಷಗಳಿಂದ ದಿನಾ ಬೆಳಿಗ್ಗೆ ಅವಳನ್ನು ಫಿಯೋರ್ಡ್ ಎಂಬ ಆ ಕಡಲ ಚಾಚನ್ನು ದಾಟಿಸುತ್ತಿದ್ದವನು ಅವನೇ. ಅವತ್ತು ಚುಕ್ಕಾಣಿ ಹಿಡಿದು ಯಾರೋ ಹೊಸಬ ನಿಂತಿದ್ದ.

"ಐವಿನ್‌ಗೆ ಹುಷಾರಿಲ್ವಾ?" ಎಂದು ಟಿಕೆಟ್ ಕೊಡುವ ಸ್ವೆನ್‌ನನ್ನು ಕೇಳಿದಳು.

ಸ್ವೆನ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮಗೆ ಗೊತ್ತಿಲ್ವಾ ಡಾಕ್ಟ್ರೇ? ಲೈಸೆನ್ಸಿನ ತಪಾಸಣೇಲಿ ಸಿಕ್ಕಿಬಿದ್ನಂತೆ. ಕುಡೀತಾನೆ ಅಂತ ಅವನ ರಕ್ತಾನೇ ಹೇಳ್ಬಿಡ್ತಂತೆ."

"ನೀನು ಅವನ ಜತೇಲೇ ಊಟಕ್ಕೆ ಕೂರೋನಲ್ವಾ ಸ್ವೆನ್?"

"ಹೌದು, ಕೂರ್ತೀನಿ. ಮಧ್ಯಾಹ್ನ ಒಂದು ಬಿಯರು, ಅದರ ಮೇಲೆ ಮುಟ್ಟೋನಲ್ಲ. ಆದ್ರೆ ಮನೇಲಿ ಏನ್ ಮಾಡ್ತಾನೋ ಯಾರಿಗ್ಗೊತ್ತು, ಹೇಳಿ."

ಥೋರಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನ ಮುಖ್ಯಸ್ಥೆ. ರಕ್ತ ತಾನಾಗಿ ಏನನ್ನೂ ಹೇಳುವುದಿಲ್ಲ, ಅದರ ಬಾಯಿಂದ ಯಾರೋ ಹೇಳಿಸಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಸಂಜೆ ನೇರವಾಗಿ ಐವಿನ್‌ನ ಮನೆಗೆ ಹೋದಳು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಅವನ ಹೆಂಡತಿ ಡಗ್ನಿ ಕಾಫಿ ಬಗ್ಗಿಸಿ, ತಲೆ ಎತ್ತದೆ ಅಡುಗೆಮನೆಗೆ ಹೋಗಿಬಿಟ್ಟಳು.

"ಹೋದ ವರ್ಷ ನಿನ್ನ ಲ್ಯಾಬಿನಲ್ಲೇ ರಕ್ತ ಕೊಟ್ಟಿದ್ದೆ," ಎಂದ ಐವಿನ್. "ಏನೂ ತೊಂದ್ರೆ ಇಲ್ಲ ಅಂದ್ರು. ಈ ವರ್ಷ ಫೆರ್ರಿ ಕಂಪನಿಯ ಡಾಕ್ಟ್ರು, ಅವನೇ ಫ್ರೀಸ್, ನಗರದ ದೊಡ್ಡಾಸ್ಪತ್ರೆಗೆ ಕಳಿಸಿದ. ಆ ಲಿವರಿನ ಲೆಕ್ಕ ಎರಡು ಪಟ್ಟಾಗಿದೆಯಂತೆ. ನನ್ನೆದುರೇ ಅಲ್ಲಿಗೆ ಫೋನ್ ಮಾಡಿ ಕೇಳಿ, ಇಟ್ಟೋನೇ, 'ಎಷ್ಟು ದಿನದಿಂದ ನಡೀತಿದೆ ಇದು, ನಿಜ ಹೇಳು' ಅಂದ."

"ನೀನೇನಂದೆ?"

"ಏನನ್ನೋದು? ಇಲ್ಲ ಅಂದೆ. 'ಕುಡಿಯೋರೆಲ್ಲ ಹಾಗೇ ಅಂತಾರೆ' ಅಂದ. ಹೌದು ಅಂದಿದ್ರೆ ಒಪ್ಕೊಂಡ ಅಂತಾಗ್ತಿತ್ತು, ಇಲ್ಲ ಅಂದ್ರೆ ಮುಚ್ಚಿಡ್ತಾನೆ ಅಂತಾಗತ್ತೆ. ಇನ್ನೇನು ಉಳೀತು ಮಾತಾಡೋಕೆ?" ಕಪ್ಪನ್ನು ಮುಂದಕ್ಕೆ ತಳ್ಳಿದ. "ನಿನ್ನೆ ಹಿತ್ತಲ ಶೆಡ್ಡಿಗೆ ಹೋಗಿ ನೋಡ್ತೀನಿ, ಬಲೆ, ಬಣ್ಣದ ಡಬ್ಬಿ ಎಲ್ಲ ಜಾಗ ಬದಲಾಯಿಸಿವೆ. ಡಗ್ನಿ ಬಾಟ್ಲಿ ಹುಡುಕಿದ್ದಾಳೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಥೋರಾ ಅಂದು ಕಾಫಿ ಮುಗಿಸಲಿಲ್ಲ.

ಲಿವರಿನ ಲೆಕ್ಕವೆಂದರೆ, ಕುಡಿತದಿಂದ ಲಿವರು ಕೆಟ್ಟರೆ ರಕ್ತದಲ್ಲಿ ಹೆಚ್ಚುವ ಒಂದು ಕಿಣ್ವದ ಲೆಕ್ಕ. ಕಿಣ್ವವನ್ನು ಸಕ್ಕರೆಯಂತೆ ತೂಗಲು ಬರುವುದಿಲ್ಲ. ಅದಕ್ಕೊಂದು ಕೆಲಸ ಕೊಟ್ಟು, ಎಷ್ಟು ಚುರುಕಾಗಿ ಮಾಡುತ್ತದೆ ಎಂದು ನೋಡಬೇಕು. ಬೆಚ್ಚಗಿಟ್ಟರೆ ಅದು ಚುರುಕು, ತಣ್ಣಗಿಟ್ಟರೆ ನಿಧಾನ. ಥೋರಾಳ ಲ್ಯಾಬಿನಲ್ಲಿ ಇಪ್ಪತ್ತೈದು ಡಿಗ್ರಿಯಲ್ಲಿಟ್ಟು ನೋಡುತ್ತಿದ್ದರು, ನಗರದಲ್ಲಿ ಮೈಯ ಬಿಸಿಯಷ್ಟು, ಮೂವತ್ತೇಳರಲ್ಲಿ. ಹಾಕುವ ದ್ರಾವಣಗಳೂ ಬೇರೆಬೇರೆ. ಅಲ್ಲಿನ ಸಂಖ್ಯೆ ದೊಡ್ಡದಾಗಿಯೇ ಬರಬೇಕು, ಅದಕ್ಕೆ ತಕ್ಕಂತೆ ಆರೋಗ್ಯವಂತರಿಗೆ ಅಲ್ಲಿಟ್ಟ ಮಿತಿಯೂ ದೊಡ್ಡದು. ಫ್ರೀಸ್ ನಗರದ ಸಂಖ್ಯೆಯನ್ನು ತಂದು ಪಟ್ಟಣದ ಮಿತಿಯ ಪಕ್ಕದಲ್ಲಿಟ್ಟಿದ್ದ.

ಮರುದಿನ ಅವಳು ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಬಿಡಿಸಿ ಹೇಳಿದಳು. "ನೋಡಿ, ಒಂದೇ ಹಿಟ್ಟನ್ನ ಒಲೆ ಪಕ್ಕ ಇಟ್ರೆ ಬೇಗ ಉಬ್ಬತ್ತೆ, ಕಿಟಕೀಲಿಟ್ರೆ ತಡ. ಹಿಟ್ಟು ಬದಲಾಯ್ತು ಅಂತೀರಾ?"

"ನಾನು ಬೇಕರಿಯವನಲ್ಲ ಮೇಡಂ," ಎಂದ ಫ್ರೀಸ್. "ಆಸ್ಪತ್ರೆ ಸಂಖ್ಯೆ ಕೊಡತ್ತೆ, ನಾನು ಓದ್ತೀನಿ. ಇನ್ನೂರು ಜನರನ್ನ ನೀರಿನ ಮೇಲೆ ಕರ್ಕೊಂಡು ಹೋಗೋನ ವಿಷಯ ಇದು. ದೊಡ್ಡಾಸ್ಪತ್ರೆಯ ಲೆಕ್ಕ ತಪ್ಪು ಅಂತ ನೀವು ಹೇಳ್ತಿದ್ರೆ ಅದನ್ನ ಅಲ್ಲಿನ ಲ್ಯಾಬಿನ ಪ್ರೊಫೆಸರ್ ಯೂಲ್‌ಗೇ ಹೇಳಿ."

"ತಪ್ಪು ಅಂತ ಹೇಳ್ತಿಲ್ಲ. ಬೇರೆ ಅಂತ ಹೇಳ್ತಿದೀನಿ."

"ಹಾಗಾದ್ರೆ ನಿಮ್ಮದು ತಪ್ಪು," ಎಂದು ಅವನು ಫೋನ್ ಇಟ್ಟ.

ಥೋರಾ ಸುಮ್ಮನಿರುವ ಹೆಂಗಸಲ್ಲ. ಐವಿನ್‌ನನ್ನು ಕರೆಸಿ ರಕ್ತ ತೆಗೆಸಿದಳು. ತನ್ನದನ್ನೂ ಕೊಟ್ಟಳು. ಲ್ಯಾಬಿನ ಹುಡುಗಿಯರು, ಆಸ್ಪತ್ರೆಯ ಪಾದ್ರಿ, ಮುದುಕಿ ಹೆಡ್‌ನರ್ಸ್ ಕಿರ್ಸ್ಟೀನೆ, ಹೀಗೆ ಸಿಕ್ಕವರೆಲ್ಲರ ತೋಳು ಹಿಡಿದಳು. ಕಿರ್ಸ್ಟೀನೆ ಮದ್ಯಪಾನ ವಿರೋಧಿ ಸಂಘದ ಅಧ್ಯಕ್ಷೆ, ಕ್ರಿಸ್‌ಮಸ್ಸಿಗೂ ಹಣ್ಣಿನ ರಸ ಕುಡಿಯುವವಳು. ಪ್ರತಿಯೊಬ್ಬರ ರಕ್ತವನ್ನೂ ಎರಡು ಪಾಲು ಮಾಡಿ, ಒಂದನ್ನು ತನ್ನಲ್ಲಿ ಅಳೆಸಿ, ಇನ್ನೊಂದನ್ನು ನಗರಕ್ಕೆ ಕಳಿಸಿದಳು. ಉತ್ತರ ಬಂತು. ನಗರದಲ್ಲಿ ಎಲ್ಲರ ಲೆಕ್ಕವೂ ಹೆಚ್ಚುಕಡಿಮೆ ಎರಡು ಪಟ್ಟು, ಎಲ್ಲರಿಗಿಂತ ದೊಡ್ಡ ಸಂಖ್ಯೆ ಕಿರ್ಸ್ಟೀನೆಯದು. ಫ್ರೀಸ್‌ನ ಕಣ್ಣಿನಿಂದ ನೋಡಿದರೆ ಆಸ್ಪತ್ರೆಯಲ್ಲಿ ಅತಿ ದೊಡ್ಡ ಕುಡುಕಿ ಕಿರ್ಸ್ಟೀನೆ.

"ನನ್ನನ್ನೂ ಕೆಲಸದಿಂದ ತೆಗೀತಾರಾ?" ಎಂದು ಕಿರ್ಸ್ಟೀನೆ ಕೇಳಿದಳು. ಹುಡುಗಿಯರು ನಕ್ಕರು. ಥೋರಾಳಿಗೆ ನಗು ಬರಲಿಲ್ಲ.

ಆ ಕಾಗದಗಳನ್ನು ಹಿಡಿದು ಅವಳು ನಗರದ ರೈಲು ಹತ್ತಿದಳು. ಪ್ರೊಫೆಸರ್ ಯೂಲ್ ಸಭ್ಯ ಮನುಷ್ಯ, ಎದ್ದು ನಿಂತು ಅವಳ ಕೋಟನ್ನು ಇಸಿದುಕೊಂಡು ನೇತುಹಾಕಿದ, ಕಾಗದಗಳ ಮೇಲೆ ಒಮ್ಮೆ ಕಣ್ಣಾಡಿಸಿದ.

"ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಥೋರಾ?" ಎಂದ.

"ಎಲ್ಲರಿಗೂ ಅಂದ್ರೆ?"

"ನಮ್ಮ ಕೆಲಸದವರಿಗೆಲ್ಲ. ಆರ್‌ಹುಸ್‌ನ ಆಸ್ಪತ್ರೇಲಿ ಒಂದು ಲೆಕ್ಕ, ಓಡೆನ್ಸೆಯ ಆಸ್ಪತ್ರೇಲಿ ಇನ್ನೊಂದು. ನಮ್ಮ ಡಾಕ್ಟರುಗಳಿಗೆ ನಮ್ಮ ಮಿತಿ ಗೊತ್ತು, ನಿಮ್ಮವರಿಗೆ ನಿಮ್ಮದು."

"ರೋಗಿಗಳು ಊರಿಂದ ಊರಿಗೆ ಓಡಾಡ್ತಾರಲ್ಲ ಪ್ರೊಫೆಸರ್ರೇ. ಗೊತ್ತಿದ್ದೂ ಸುಮ್ಮನಿದ್ರಾ? ಒಬ್ಬನ ಕೆಲಸ ಹೋಯ್ತು. ಅವನ ಹೆಂಡ್ತಿ ಶೆಡ್ಡಿನಲ್ಲಿ ಬಾಟ್ಲಿ ಹುಡುಕ್ತಿದಾಳೆ."

"ಅದು ನಿಮ್ಮ ಫ್ರೀಸ್‌ನ ಪೆದ್ದುತನ. ನನ್ನ ವಿಧಾನದಲ್ಲೇನು ಕುಂದಿದೆ? ಬೇಕಿದ್ರೆ ನೀವು ನಿಮ್ಮದನ್ನ ಬದಲಾಯಿಸ್ಕೊಳ್ಳಿ."

"ನಾನ್ಯಾಕೆ ಬದಲಾಯಿಸ್ಲಿ? ನನ್ನದರಲ್ಲಿ ಏನೂ ಕುಂದಿಲ್ಲ," ಎಂದಳು ಥೋರಾ. ಮಾತು ಬಾಯಿಂದ ಹೊರಬಿದ್ದ ಮೇಲೆ, ಅದು ಯೂಲ್ ಆಡಿದ ಮಾತೇ ಎಂದು ಅವಳಿಗೆ ಹೊಳೆಯಿತು. ಅವನಿಗೂ ಹೊಳೆದಿರಬೇಕು, ಮೀಸೆಯಡಿಯಲ್ಲಿ ಸಣ್ಣಗೆ ನಕ್ಕ. ಆ ನಗು ದಾರಿಯುದ್ದಕ್ಕೂ ಅವಳನ್ನು ಚುಚ್ಚುತ್ತಿತ್ತು.

ಆದರೂ ಎರಡು ಆಸ್ಪತ್ರೆಯ ಮಿತಿಗಳೂ ಬೇರೆ ಎಂದು ಯೂಲ್ ತನ್ನ ಸಹಿ ಹಾಕಿ ಬರೆದುಕೊಟ್ಟಿದ್ದ. ಅದು ಕೈಗೆ ಬಿದ್ದ ಮೇಲೆ ಫ್ರೀಸ್ ಐವಿನ್‌ನನ್ನು ವಾಪಸು ಕರೆದ. "ಹೊಸ ಮಾಹಿತಿಯ ಆಧಾರದ ಮೇಲೆ" ಎಂದಷ್ಟೇ ತಿಳಿಸಿದ. ತಪ್ಪಾಯಿತು ಎಂಬ ಒಂದು ಮಾತು ಇಲ್ಲ. ಐವಿನ್ ಮತ್ತೆ ಚುಕ್ಕಾಣಿ ಹಿಡಿದ. ಆದರೆ ಬಂದರಿನಲ್ಲಿ ಕೆಲವರು ಅವನ ಜತೆ ಮಾತಾಡುವಾಗ ಮುಖವನ್ನು ಸ್ವಲ್ಪ ಹತ್ತಿರ ತಂದು ಮೂಸುವುದನ್ನು ಕಲಿತಿದ್ದರು. ಗಾಳಿ ಜೋರಾಗಿ ಫೆರ್ರಿ ಕಟ್ಟೆಗೆ ತಗುಲಿದರೆ ಹಿಂದಿನಿಂದ ಯಾರೋ ಬೇಕೆಂದೇ ಕೆಮ್ಮುತ್ತಿದ್ದರು. ಅವನು ಮಧ್ಯಾಹ್ನದ ಬಿಯರನ್ನೂ ಬಿಟ್ಟ. ಬಿಟ್ಟದ್ದಕ್ಕೂ ಜನ ಅರ್ಥ ಹಚ್ಚಿದರು.

ವಸಂತದಲ್ಲಿ ಸ್ವೀಡನ್ನಿನ ಕಡಲತೀರದ ಒಂದು ಹೋಟೆಲಿನಲ್ಲಿ ನಾರ್ಡಿಕ್ ದೇಶಗಳ ಲ್ಯಾಬಿನವರೆಲ್ಲ ಸೇರಿದರು. ಈ ಕಿಣ್ವಗಳಿಗೆ ಎಲ್ಲ ಕಡೆಯೂ ಒಂದೇ ವಿಧಾನ ಇರಲಿ ಎಂದು ಸಮಿತಿಯೊಂದು ಕರಡು ತಯಾರಿಸಿತ್ತು: ಎಲ್ಲರೂ ಮೂವತ್ತೇಳು ಡಿಗ್ರಿ, ಒಂದೇ ದ್ರಾವಣ. ಬೆಳಿಗ್ಗೆಯಿಂದ ವಾದ ನಡೆಯಿತು. ದ್ರಾವಣ ಯೂಲ್‌ನದ್ದಲ್ಲವಾದ್ದರಿಂದ ಅವನಿಗೂ ಅದು ಹಿಡಿಸಲಿಲ್ಲ. "ಇಪ್ಪತ್ತು ವರ್ಷದ ನನ್ನ ಲೆಕ್ಕಗಳನ್ನು ಸಮುದ್ರಕ್ಕೆ ಎಸೀಲಾ?" ಎಂದು ಕೇಳಿದ. ಹಲವರು ಹೌದೆಂದು ತಲೆಯಾಡಿಸಿದರು. ಇನ್ನೂ ಎರಡು ವರ್ಷ ಯೋಚಿಸೋಣ ಎಂದು ಒಬ್ಬ ಸೂಚಿಸಿದ.

ಥೋರಾ ಎದ್ದಳು. ಕಿಣ್ವದ ಮಾತನ್ನೇ ಎತ್ತಲಿಲ್ಲ. ಐವಿನ್‌ನ ವಿಷಯ ಹೇಳಿದಳು, ಶೆಡ್ಡಿನ ವಿಷಯ ಹೇಳಿದಳು. "ನಿಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ನಮ್ಮ ನಮ್ಮ ಅಡುಗೆಮನೇಲಿ ನಮ್ಮ ನಮ್ಮ ಸೇರು ಇಟ್ಕೊಂಡು, ನಮ್ಮದೇ ಸರಿ ಅಂತ ಕೂತಿದೀವಿ. ಅಳತೆ ತೆಗೆಸ್ಕೊಳ್ಳೋನು ಊರೂರು ತಿರುಗಿ ಒಂದೂರಲ್ಲಿ ಆರೋಗ್ಯವಂತ, ಇನ್ನೊಂದೂರಲ್ಲಿ ಕುಡುಕ. ಎರಡು ವರ್ಷ ಯೋಚಿಸೋರು, ಆ ಎರಡು ವರ್ಷದಲ್ಲಿ ಹಾಳಾಗೋರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ."

ಅಧ್ಯಕ್ಷ ಸ್ಥಾನದಲ್ಲಿದ್ದ ಫಿನ್‌ಲೆಂಡಿನ ಮುದುಕ ಕನ್ನಡಕ ತೆಗೆದು ಕೇಳಿದ: "ಸರಿ, ಮೇಡಂ. ನಿಮ್ಮ ಇಪ್ಪತ್ತೈದು ಡಿಗ್ರಿಯನ್ನ ಬಿಡ್ತೀರಾ?"

ಎಲ್ಲರೂ ಅವಳತ್ತ ತಿರುಗಿದರು. ಆ ಇಪ್ಪತ್ತೈದನ್ನು ಅವಳು ಕೈಯಾರೆ ಬೆಳೆಸಿದ್ದಳು. ಅದರ ಒಂದೊಂದು ತಂಟೆಯೂ ಅವಳಿಗೆ ಗೊತ್ತಿತ್ತು, ಅದಕ್ಕಿಂತ ನಿಖರವಾದದ್ದು ಈ ಕೋಣೆಯಲ್ಲಿ ಯಾರ ಬಳಿಯೂ ಇಲ್ಲ ಎಂದು ಈಗಲೂ ನಂಬಿದ್ದಳು. ಆ ಮುದುಕನ ಮೇಲೆ ಸಿಟ್ಟು ಬಂತು.

"ಬಿಡ್ತೀನಿ," ಎಂದಳು. "ಖುಷಿಯಿಂದ ಅಲ್ಲ."

"ಖುಷಿಯಿಂದ ಯಾರೂ ಬಿಡಲ್ಲ," ಎಂದು ಅವನು ಕನ್ನಡಕ ಹಾಕಿಕೊಂಡ. ಕರಡು ಒಪ್ಪಿಗೆಯಾಯಿತು. ಯೂಲ್ ಕೈ ಎತ್ತಲಿಲ್ಲ. ಅವನ ಆಸ್ಪತ್ರೆ ಹೊಸ ವಿಧಾನಕ್ಕೆ ಬಂದದ್ದು ಅವನು ನಿವೃತ್ತನಾದ ಮೇಲೆಯೇ.

ಥೋರಾ ಆ ಬೇಸಿಗೆಯಲ್ಲೇ ಬದಲಾಯಿಸಿದಳು. ಹೊಸ ಸಂಖ್ಯೆಗಳನ್ನು ಕಂಡು ತನ್ನ ಆಸ್ಪತ್ರೆಯಲ್ಲೇ ಯಾರೂ ಬೆಚ್ಚಬಾರದೆಂದು ವಾರ್ಡಿನಿಂದ ವಾರ್ಡಿಗೆ ಹೋಗಿ ಹೇಳಿದಳು, ಪ್ರತಿ ರಕ್ತಪರೀಕ್ಷೆಯ ಉತ್ತರದ ಕೆಳಗೂ ಮಿತಿಯನ್ನು ಅಚ್ಚು ಹಾಕಿಸಿದಳು. ಡಾಕ್ಟರುಗಳು ಗೊಣಗಿದರು. ಅವಳು ಗೊಣಗಲಿ ಎಂದು ಬಿಟ್ಟಳು.

ಒಂದು ಸಂಜೆ ಫೆರ್ರಿ ಖಾಲಿಯಾಗಿತ್ತು. ಐವಿನ್ ಅವಳನ್ನು ಚುಕ್ಕಾಣಿಯ ಕೋಣೆಗೆ ಕರೆದ.

"ಒಂದು ಕೇಳ್ಲಾ? ಯೂಲ್‌ನದ್ದೂ ತಪ್ಪಲ್ಲ, ನಿನ್ನದೂ ತಪ್ಪಲ್ಲ ಅಂತೀಯ. ಫ್ರೀಸ್ ಕೊಟ್ಟಿದ್ದನ್ನ ಓದಿದ. ಹಾಗಾದ್ರೆ ತಪ್ಪು ಯಾರದು ಥೋರಾ? ನನ್ನದಾ?"

"ನಮ್ಮೆಲ್ಲರದೂ. ನಿನ್ನದು ಬಿಟ್ಟು."

"ಎಲ್ಲರದೂ ಅಂದ್ರೆ ಯಾರೂ ಬಂದು ಕ್ಷಮಿಸು ಅನ್ನಲ್ಲ, ಅಷ್ಟೇ ತಾನೆ?"

"ನಾನು ಅಂತೀನಿ," ಎಂದಳು ಥೋರಾ. "ಕ್ಷಮಿಸು."

ಅವನು ಮುಂದೆ ನೋಡುತ್ತಲೇ ಇದ್ದ. "ಡಗ್ನಿ ಇನ್ನೂ ಅಂದಿಲ್ಲ," ಎಂದ. "ಅವಳು ಅಂದುಬಿಟ್ರೂ ನನ್ನ ಕೈಲಿ ತಡಕೊಳ್ಳೋಕೆ ಆಗಲ್ಲ." ಆಮೇಲೆ ಇಂಜಿನಿನ ವೇಗ ತಗ್ಗಿಸಿ, ಫೆರ್ರಿಯನ್ನು ಸದ್ದಿಲ್ಲದೆ ಕಟ್ಟೆಗೆ ತಂದು ನಿಲ್ಲಿಸಿದ.