ಮೊದಲೇ ಕಾಯಂ ಆದವನು

"ನೀವು ಇಲ್ಲಿ ಕಾಯಂ ಅಧ್ಯಾಪಕರೇ?" ಎಂದು ಕೊಲಂಬೊದಿಂದ ಬಂದಿದ್ದ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಾಗ ಆನಂದತೀರ್ಥನ ಬಾಯಲ್ಲಿ ಬಿಸ್ಕತ್ತು ಇತ್ತು. ಅದನ್ನು ನುಂಗುವಷ್ಟು ಹೊತ್ತು ಅವನಿಗೆ ಯೋಚಿಸಲು ಸಿಕ್ಕಿತು.

"ಹೌದು ಮೇಡಂ," ಎಂದ. "ನಾಲ್ಕು ವರ್ಷವಾಯಿತು."

'ಹೌದು' ಎನ್ನು ಎಂದಷ್ಟೇ ಅವನಿಗೆ ಹೇಳಿಕೊಟ್ಟಿದ್ದರು. ವರ್ಷದ ಲೆಕ್ಕ ಸೇರಿಸಿದ್ದು ಅವನೇ. ಸುಳ್ಳು ಹೇಳಿ ರೂಢಿಯಿಲ್ಲದವರು ಕೇಳದಿದ್ದುದನ್ನೂ ಸೇರಿಸಿ ಹೇಳುತ್ತಾರೆ. ಮೇಜಿನ ಸುತ್ತ ಕುಳಿತಿದ್ದ ಉಳಿದ ಅಧ್ಯಾಪಕರು ತಮ್ಮ ತಮ್ಮ ಚಹಾ ಕಪ್ಪುಗಳನ್ನು ನೋಡುತ್ತಿದ್ದರು. ಆ ಹೆಂಗಸು ತಲೆಯಾಡಿಸಿ ಏನೋ ಬರೆದುಕೊಂಡಳು. ಪಕ್ಕದಲ್ಲಿದ್ದ ಕಠ್ಮಂಡುವಿನ ಮುದುಕರು, "ಒಳ್ಳೆಯದು, ಬಹಳ ಒಳ್ಳೆಯದು," ಎಂದರು.

ಗೋವಾದ ಸಾಂಕೋಲೆಯ ಕಾರ್ಖಾನೆಗಳ ಮಗ್ಗುಲಿಗಿದ್ದ ಆ ಬಿಸಿನೆಸ್ ಸ್ಕೂಲಿಗೆ ದಕ್ಷಿಣ ಏಷ್ಯಾದ ಗುಣಮಟ್ಟ ಮಂಡಳಿಯೊಂದರ ಮಾನ್ಯತೆ ಬೇಕಾಗಿತ್ತು. ಅದಕ್ಕಾಗಿ ವರ್ಷವಿಡೀ ಎಲ್ಲರೂ ಬೆವರು ಸುರಿಸಿದ್ದರು. ಗೋಡೆಗೆ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ವಾಸ್ಕೋದ ನರ್ಸರಿಯಿಂದ ತಂದ ಕುಂಡಗಳು ಮೆಟ್ಟಿಲ ಮೇಲೆ ಅತಿಥಿಗಳಂತೆ ನಿಂತಿದ್ದವು. ಬಣ್ಣ ಬಳಿಯಬಹುದು, ಕುಂಡ ತರಬಹುದು; ಆದರೆ ಅಧ್ಯಾಪಕರಲ್ಲಿ ಅರ್ಧಕ್ಕರ್ಧ ಜನ ಗುತ್ತಿಗೆಯವರು ಎಂಬುದಕ್ಕೆ ಏನು ಮಾಡುವುದು? ಮಂಡಳಿಯವರಿಗೆ ಗುತ್ತಿಗೆ ಎಂದರೆ ಆಗದು. ಡೈರೆಕ್ಟರ್ ಮಂದಾಕಿನಿ ಮೇಡಂ ಹಿಂದಿನ ದಿನ ಆನಂದತೀರ್ಥನನ್ನು ತಮ್ಮ ಕೋಣೆಗೆ ಕರೆಸಿದ್ದರು. ಅವರು ಬೆಳಗಾವಿಯವರು, ಇವನು ಧಾರವಾಡದವನು. ಇಬ್ಬರೇ ಇದ್ದಾಗ ಅವರ ಮಾತು ಕನ್ನಡದಲ್ಲೇ.

"ನಾಳೆ ಅವರು ಕೇಳಿದ್ರ ಕಾಯಂ ಇದ್ದೀನಿ ಅಂತ ಹೇಳಿಬಿಡು, ಆನಂದ."

"ನಾ ಎಲ್ಲಿ ಕಾಯಂ ಇದ್ದೇನ್ರಿ ಮೇಡಂ?"

"ಇಲ್ಲಪಾ. ಆದ್ರ ಆಗಾಂವ ಇದ್ದಿ ಹೌದಿಲ್ಲೋ? ಮಾನ್ಯತಾ ಬಂದ ಕೂಡ್ಲೇ ಮೊದಲನೇ ಆರ್ಡರ್ ನಿಂದು. ಮ್ಯಾನೇಜ್‌ಮೆಂಟಿನವರು ನನಗ ಮಾತು ಕೊಟ್ಟಾರ. ಮುಂದ ಆಗೋದನ್ನ ಸ್ವಲ್ಪ ಲಗೂನ ಹೇಳಿದಿ ಅಂತ ತಿಳ್ಕೋ, ಅಷ್ಟ."

ಅವನು ಹಾಗೆಯೇ ತಿಳಿದುಕೊಂಡ. ತಿಳಿದುಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ. ಎಂಟು ವರ್ಷಗಳಿಂದ ಪ್ರತಿ ಏಪ್ರಿಲ್‌ನಲ್ಲಿ ಅವನ ಕೆಲಸ ಮುಗಿಯುತ್ತಿತ್ತು, ಜೂನ್‌ನಲ್ಲಿ ಮತ್ತೆ ಹುಟ್ಟುತ್ತಿತ್ತು. ನಡುವಿನ ಬೇಸಿಗೆಯಲ್ಲಿ ಅವನು ಯಾರೂ ಅಲ್ಲ. ಲೈಬ್ರರಿಯಿಂದ ಪುಸ್ತಕ ಕೂಡ ಸಿಗುತ್ತಿರಲಿಲ್ಲ. ಹೆಂಡತಿ ಶ್ರೀರಂಜನಿ ಧಾರವಾಡದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಇಬ್ಬರಲ್ಲಿ ಒಬ್ಬರ ಕಾಲ ಕೆಳಗಾದರೂ ನೆಲ ಗಟ್ಟಿ ಇರಬೇಕೆಂದು ಅವಳು ಅಲ್ಲಿ, ಇವನು ಇಲ್ಲಿ. ಮದುವೆಯಾದಾಗಿನಿಂದ ಅವರ ಸಂಸಾರವೆಲ್ಲ ಶನಿವಾರ ರವಿವಾರಗಳಲ್ಲೇ ನಡೆದಿತ್ತು. ಮಳೆಗಾಲದಲ್ಲಿ ಘಟ್ಟದ ಹಳಿಯ ಮೇಲೆ ಮಣ್ಣು ಕುಸಿದರೆ ಅದೂ ಇಲ್ಲ. "ನಿಮ್ಮದು ಕಾಯಂ ಆದ ದಿವಸ ನಾ ಗಂಟು ಕಟ್ಟತೀನಿ ನೋಡ್ರಿ," ಎಂದು ಅವಳು ಹೇಳುತ್ತಲೇ ಇದ್ದಳು. ಮೊದಮೊದಲು ಅದನ್ನು ನಗುತ್ತಾ ಹೇಳುತ್ತಿದ್ದಳು.

ಮಾನ್ಯತೆ ಬಂದಿದ್ದು ಮಾರ್ಚ್‌ನಲ್ಲಿ. ಮಂಡಳಿಯ ಮುದ್ರೆಯನ್ನೇ ಕೆನೆಯಲ್ಲಿ ಬರೆಸಿದ ಕೇಕು ಬಂತು. ಪೆಢೆ ಹಂಚಿದರು. ಗೇಟಿಗೆ ಬ್ಯಾನರ್ ಏರಿತು. ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆದು, ಪ್ರತಿಯೊಬ್ಬರೂ ಅದನ್ನು ಸ್ಟೇಟಸ್ ಹಾಕಿಕೊಳ್ಳಬೇಕೆಂದು ಆಡಳಿತದವರು ಅಪ್ಪಣೆ ಮಾಡಿದರು. ಆನಂದತೀರ್ಥನೂ ಹಾಕಿದ. ಖುಷಿ ತಡೆಯಲಾರದೆ ಕೆಳಗೆ 'ಕೊನೆಗೂ ಬಂತು' ಎಂದು ಎರಡು ಪದ ಸೇರಿಸಿದ. ಈ ಸೇರಿಸುವ ಚಟ ಅವನನ್ನು ಬಿಡುವಂತಿರಲಿಲ್ಲ. ಮಾನ್ಯತೆ ಬಂದರೆ ತಾನು ಕಾಯಂ ಎಂದು ಶ್ರೀರಂಜನಿಗೆ ಮೊದಲೇ ಹೇಳಿದ್ದ; ಈಗ ಫೋನ್ ಮಾತ್ರ ಮಾಡಲಿಲ್ಲ. ಆರ್ಡರ್ ಕೈಗೆ ಬಂದ ಮೇಲೆ, ರವಿವಾರ ಎದುರಿಗೆ ಕೂತು ಹೇಳಬೇಕೆಂಬ ಆಸೆ.

ಮಾರನೇ ದಿನ ಮಧ್ಯಾಹ್ನ ಮಂದಾಕಿನಿ ಮೇಡಂ ಕೋಣೆಗೆ ಹೋದ. ಅವರು ಕನ್ನಡಕ ತೆಗೆದಿಟ್ಟು ಕಣ್ಣು ತಿಕ್ಕುತ್ತಾ ಕುಳಿತಿದ್ದರು. ಅವನು ಏಕೆ ಬಂದಿದ್ದಾನೆಂದು ಕೇಳಲೂ ಇಲ್ಲ.

"ಕೂಡು," ಎಂದರು. "ಮಾನ್ಯತಾ ಕೊಟ್ಟ ಕೌನ್ಸಿಲಿನವರ ವರದಿ ಓದಿದ್ಯಾ? ಅಧ್ಯಾಪಕರೆಲ್ಲಾ ಕಾಯಂ ಇದ್ದಾರ, ಅದೇ ಈ ಸಂಸ್ಥಾದ ದೊಡ್ಡ ಬಲ ಅಂತ ಬರದಾರ."

"ಹೌದ್ರಿ. ಅದಕ್ಕ ಬಂದೆ. ನನ್ನ ಆರ್ಡರ್..."

"ಅಲ್ಲೇ ಸಿಕ್ಕಿಬಿದ್ದದ ನೋಡು. ಇನ್ನ ಮ್ಯಾಲೆ ಹೊಸದಾಗಿ ಯಾರನ್ನ ಕಾಯಂ ಮಾಡಿದ್ರೂ ಅವರಿಗೆ ತಿಳಸಬೇಕಂತ. ಈಗ ನಿನ್ನನ್ನ ಮಾಡಿದ್ರ, ಇಷ್ಟ ದಿವಸ ಏನಿದ್ದ ಅಂತ ಕೇಳತಾರ. ನೀನ ಅವರ ಮುಂದ ನಾಕ ವರ್ಷ ಆತು ಅಂದಿ."

"ನೀವ ಹೇಳು ಅಂದದ್ದಕ್ಕ ಹೇಳಿದೆ."

"ಹೌದು, ನಾನ ಅಂದೆ. ಇಲ್ಲ ಅನ್ನೂದಿಲ್ಲ."

"ಹಂಗಾರ ಹಿಂದಿನ ತಾರೀಖು ಹಾಕಿ ಕೊಡ್ರಿ."

"ಕೇಳಿದೆನಪಾ. ಹಿಂದಿನ ತಾರೀಖು ಹಾಕಿದ್ರ ಹಿಂದಿನ ಪಗಾರದ ಫರಕೂ ಕೊಡಬೇಕಾಗತದ ಅಂತ ಮ್ಯಾನೇಜ್‌ಮೆಂಟಿನವರು ಕೈ ಝಾಡಿಸಿಬಿಟ್ರು. ಜೂನಿಗೆ ಮತ್ತ ಕಾಂಟ್ರ್ಯಾಕ್ಟ್ ಮಾಡಿಸ್ತೀನಿ, ಅದಕ್ಕೇನ ಧೋಕಾ ಇಲ್ಲ. ಕಾಯಂದು ಮುಂದ ನೋಡೋಣು, ಕೌನ್ಸಿಲಿನವರು ಮತ್ತೊಮ್ಮೆ ಬರೋ ಹೊತ್ತಿಗೆ."

ಅವರು ಮತ್ತೊಮ್ಮೆ ಬರುವುದು ಐದು ವರ್ಷದ ಮೇಲೆ. ಅದು ಇಬ್ಬರಿಗೂ ಗೊತ್ತಿತ್ತು. ಆನಂದತೀರ್ಥನಿಗೆ ಸಿಟ್ಟು ಬಂತು. ಆದರೆ ಎದ್ದು ನಿಂತು ಕೂಗುವಷ್ಟು ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ.

"ನಂದೂ ಅರವತ್ತು ದಾಟ್ಯದ, ಆನಂದ," ಎಂದರು ಮಂದಾಕಿನಿ ಮೇಡಂ, ಕಿಟಕಿಯ ಕಡೆ ತಿರುಗಿ. "ನಾನೂ ವರ್ಷಾ ವರ್ಷಾ ಮುಂದುವರಸ್ರಿ ಅಂತ ಕೇಳಕೋತ ಕೂತಾಕಿನ. ಯಾರ ಮುಂದ ಜಗಳಾ ಮಾಡಲಿ, ಹೇಳು."

ಅವರು ತರಿಸಿಕೊಟ್ಟ ಚಹಾವನ್ನು ಅವನು ಕುಡಿದ. ಕುಡಿಯದೆ ಎದ್ದು ಬರಬೇಕಿತ್ತು ಎಂದು ಹೊಳೆದದ್ದು ಬಸ್ಸಿನಲ್ಲಿ ಕುಳಿತ ಮೇಲೆ.

ಬಾಡಿಗೆಯ ಖೋಲಿಗೆ ಬಂದು ಚಪ್ಪಲಿ ಬಿಡುವಾಗ ಶ್ರೀರಂಜನಿಯ ಫೋನ್ ಬಂತು.

"ಏನ್ರೀ, ಊರಿಗೆಲ್ಲಾ ಸ್ಟೇಟಸ್ ಹಾಕಿ ಹೇಳೀರಿ, ಹೆಂಡ್ತಿಗೊಂದು ಫೋನ್ ಮಾಡಬೇಕು ಅನಸಲಿಲ್ಲೇನು?"

"ಹಂಗಲ್ಲ ರಂಜು..."

"ಇರ್ಲಿ ಬಿಡ್ರಿ, ನನಗೆಲ್ಲಾ ತಿಳೀತು. ಕೊನೆಗೂ ಬಂತು ಅಂತ ನೋಡಿ ನಿನ್ನಿ ನಾ ನಿದ್ದೀನ ಮಾಡಿಲ್ಲ. ಇವತ್ತ ನಮ್ಮ ಸಾಲಿ ಹೆಡ್‌ಮಿಸ್ಟ್ರೆಸ್ ಬಾಯಾರು ಸ್ಟಾಫ್‌ರೂಮಿಗೆ ಬಂದು, ಮುಂದಿನ ವರ್ಷ ಯಾರ್ಯಾರು ಇರ್ತೀರಿ ಅಂತ ಕೇಳಿದ್ರು. ಪ್ರತಿ ವರ್ಷ ಕೇಳತಾರಲ್ಲ. ನಾ ಇರೂದಿಲ್ರಿ, ಗೋವಾಕ್ಕ ಹೊಂಟೇನಿ ಅಂದಬಿಟ್ಟೆ."

"ಅಂದಬಿಟ್ಟ್ಯಾ?"

"ಎಲ್ಲಾರ ಮುಂದ! ಚಪ್ಪಾಳಿ ಹೊಡದ್ರು. ನನ್ನ ಜಾಗಾಕ್ಕ ಆಗಲೇ ಒಬ್ಬ ಹುಡಿಗಿನ್ನ ಗೊತ್ತುಮಾಡ್ಯಾರ ನೋಡ್ರಿ, ಎಷ್ಟ ಗಡಿಬಿಡಿ ಅವರಿಗೆ." ಅವಳು ನಕ್ಕಳು. ಮದುವೆಯ ಹೊಸದರಲ್ಲಿ ನಗುತ್ತಿದ್ದ ನಗೆ.

"ರಂಜು, ಒಂದ ಮಾತು ಕೇಳಿಲ್ಲೆ..."

"ಖೋಲಿ ಸಣ್ಣದದ ಅಂತೀರಿ, ಗೊತ್ತದ ನನಗ. ನಡೀತದ. ಅಡಗಿಮನ್ಯಾಗ ಬಿಸಲು ಬರತದೇನು, ಅದೊಂದ ಹೇಳ್ರಿ. ಇಲ್ಲೆ ಹಗಲೆಲ್ಲಾ ಲೈಟ್ ಹಚ್ಚಿ ಹಚ್ಚಿ ಸಾಕಾಗೇದ ನನಗ."

ಅವನು ಒಳಗೆ ಹೋದ. ಅಡುಗೆಮನೆಯ ಕಿಟಕಿಗೆ ಸೊಳ್ಳೆ ಬಾರದಂತೆ ರಟ್ಟು ಅಂಟಿಸಿ ಯಾವ ಕಾಲವಾಗಿತ್ತೋ. ಅದನ್ನು ಕಿತ್ತ. ಚಿಲಕ ತುಕ್ಕು ಹಿಡಿದಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಎರಡೂ ಕೈಯಿಂದ ನೂಕಿದ. ಕದ ಬೆರಳಷ್ಟು ಸರಿಯಿತು. ಸಂಜೆಯ ಬಿಸಿಲು ಗ್ಯಾಸಿನ ಕಟ್ಟೆಯ ಧೂಳಿನ ಮೇಲೆ ಉದ್ದಕ್ಕೆ ಗೆರೆಯಾಗಿ ಬಿತ್ತು.

"ಬರತದೇನ್ರೀ?" ಎಂದು ಅವಳು ಕೇಳುತ್ತಿದ್ದಳು.